ಎಮು ಹಕ್ಕಿಗಳ ಯುದ್ಧದಿಂದ ಇವತ್ತಿನ ಸುದ್ದಿಯವರೆಗೆ: ನಗುತ್ತಾ ಇತಿಹಾಸ ಓದುವ ಬಗೆ

1932ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಸೇನೆ ಹಕ್ಕಿಗಳ ಮೇಲೆ ಯುದ್ಧಕ್ಕೆ ಹೋಯಿತು. ಪಶ್ಚಿಮ ಆಸ್ಟ್ರೇಲಿಯಾದ ಕ್ಯಾಂಪಿಯನ್ ಎಂಬ ಕಡೆ ಸುಮಾರು 20,000 ಎಮುಗಳು ಗೋಧಿ ಹೊಲಗಳಿಗೆ ನುಗ್ಗಿದ್ದವು. ಎಮುಗೆ ಹಾರಲು ಬರುವುದಿಲ್ಲ. ಆದರೆ ಆಳೆತ್ತರ ಇರುತ್ತದೆ, ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ರೈತರು ರಕ್ಷಣಾ ಸಚಿವ ಜಾರ್ಜ್ ಪಿಯರ್ಸ್ ಬಳಿ ಹೋಗಿ ಮೆಷಿನ್ ಗನ್ ಬೇಕು ಎಂದು ಕೇಳಿದರು. ಸಚಿವರು ಒಪ್ಪಿದರು. ಮೇಜರ್ ಮೆರೆಡಿತ್ ಎಂಬ ಅಧಿಕಾರಿ ಎರಡು ಲೂಯಿಸ್ ಗನ್ನು, 10,000 ಗುಂಡು ಹೊತ್ತು ಹೊರಟರು.

ಎಮುಗಳು ಮೊದಲ ದಿನವೇ ಚಿಕ್ಕ ಚಿಕ್ಕ ಗುಂಪುಗಳಾಗಿ ಚದುರಿಹೋದವು. ಒಂದು ನೀರಿನ ಕಟ್ಟೆಯ ಹತ್ತಿರ ಸುಮಾರು ಸಾವಿರ ಹಕ್ಕಿಗಳಿಗಾಗಿ ಸೈನಿಕರು ಹೊಂಚು ಹಾಕಿ ಕುಳಿತರು. ಹತ್ತು ಹನ್ನೆರಡು ಹಕ್ಕಿ ಬೀಳುವಷ್ಟರಲ್ಲಿ ಗನ್ನು ಒಳಗೇ ಸಿಕ್ಕಿಕೊಂಡು ಕೆಲಸ ನಿಲ್ಲಿಸಿತು. ಉಳಿದವು ಓಡಿಹೋದವು. ಆಮೇಲೆ ಗನ್ನನ್ನು ಟ್ರಕ್ಕಿನ ಮೇಲೆ ಕಟ್ಟಿದರು. ಟ್ರಕ್ಕಿಗೆ ಎಮುಗಳನ್ನು ಹಿಡಿಯಲು ಆಗಲಿಲ್ಲ. ಕುಲುಕಾಟಕ್ಕೆ ಗುರಿಯಿಡಲೂ ಆಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಸೇನೆಯನ್ನು ವಾಪಸ್ ಕರೆಸಿಕೊಂಡರು. ಮತ್ತೆ ಕಳಿಸಿದರು. ಡಿಸೆಂಬರ್‌ನಲ್ಲಿ ಪೂರ್ತಿ ನಿಲ್ಲಿಸಿದರು. 9,860 ಗುಂಡು ಹಾರಿಸಿ 986 ಹಕ್ಕಿ ಕೊಂದೆವು ಎಂದು ಮೇಜರ್ ವರದಿ ಕೊಟ್ಟರು. ಒಂದು ಹಕ್ಕಿಗೆ ಸರಿಯಾಗಿ ಹತ್ತು ಗುಂಡು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಇಷ್ಟು ನೀಟಾದ ಲೆಕ್ಕ ಕಂಡರೆ ಯಾವ ಕಾಲದ ಸರ್ಕಾರಿ ಅಂಕಿಯಾದರೂ ಎರಡನೇ ಸಲ ನೋಡಬೇಕು.

ಈ ಕಥೆಗೆ ನಗು ಬರುತ್ತದೆ. ನಕ್ಕುಬಿಡಿ, ತಪ್ಪೇನಿಲ್ಲ. ಇತಿಹಾಸದಿಂದ ಇವತ್ತಿನ ಸುದ್ದಿಯನ್ನು ಅರ್ಥ ಮಾಡಿಕೊಳ್ಳಲು ಹೊರಟವರಿಗೆ ಇಂಥ ನಗುವೇ ಒಳ್ಳೆಯ ಬಾಗಿಲು ಎಂದು ನಾನು ನಂಬಿದ್ದೇನೆ. ಯಾಕೆ ಅಂದ್ರೆ, ಹಿಂದಿನವರು ಮಾಡಿದ್ದು ನಮಗೆ ಹುಚ್ಚಾಟದಂತೆ ಕಂಡರೆ, ಅಲ್ಲಿ ನಮಗೆ ಗೊತ್ತಿಲ್ಲದ ಏನೋ ಒಂದು ಇದೆ ಎಂದರ್ಥ. ಅವರಿಗೂ ನಮ್ಮಷ್ಟೇ ಬುದ್ಧಿ ಇತ್ತು. ಹಾಗಿದ್ದೂ ಅದು ಅವರಿಗೆ ಸರಿ ಅನ್ನಿಸಿದ್ದು ಯಾಕೆ? ಈ ಪ್ರಶ್ನೆ ಕೇಳಿದ ಕೂಡಲೇ ತಮಾಷೆಯ ಕೆಳಗಿರುವ ಕಥೆ ಮೇಲೆ ಬರುತ್ತದೆ.

ಎಮುಗಳ ವಿಷಯವನ್ನೇ ನೋಡಿ. ಆ ರೈತರಲ್ಲಿ ಅನೇಕರು ಮೊದಲನೇ ಮಹಾಯುದ್ಧದಲ್ಲಿ ಹೋರಾಡಿ ಬಂದವರು. ಯುದ್ಧ ಮುಗಿದ ಮೇಲೆ ಸರ್ಕಾರ ಅವರಿಗೆ ಜಮೀನು ಕೊಟ್ಟಿತು. ಬಹಳಷ್ಟು ಬೆಳೆ ಸರಿಯಾಗಿ ಬರದ ನೆಲ. 1929ರ ನಂತರ ಜಗತ್ತಿಗೆ ಆರ್ಥಿಕ ಕುಸಿತ ಬಡಿಯಿತು. ಗೋಧಿ ಬೆಲೆ ಬಿತ್ತು. ಇನ್ನೂ ಹೆಚ್ಚು ಬೆಳೆಯಿರಿ, ಸಹಾಯಧನ ಕೊಡುತ್ತೇವೆ ಎಂದು ಸರ್ಕಾರ ಹೇಳಿತು. ಬೆಳೆ ಬಂತು, ಸಹಾಯಧನ ಬರಲಿಲ್ಲ. ಅದೇ ಹೊತ್ತಿಗೆ ಎಮುಗಳು ಬಂದವು. ಒಳನಾಡಿನಿಂದ ಕರಾವಳಿ ಕಡೆಗೆ ಅವು ಪ್ರತಿ ವರ್ಷ ವಲಸೆ ಬರುತ್ತಿದ್ದವು. ಕಾಡು ಕಡಿದು, ನೀರಿನ ವ್ಯವಸ್ಥೆ ಮಾಡಿ ಬೆಳೆದ ಹೊಲಗಳು ಅವುಗಳಿಗೂ ಬಹಳ ಹಿಡಿಸಿದವು. ಎಮುಗಳು ಬೇಲಿ ಮುರಿದರೆ ಮೊಲಗಳು ಆ ಸಂದಿನಿಂದ ನುಗ್ಗುತ್ತಿದ್ದವು. ರೈತರು ಮೆಷಿನ್ ಗನ್ನನ್ನೇ ಕೇಳಿದ್ದು ಯಾಕೆ? ಯುದ್ಧಭೂಮಿಯಲ್ಲಿ ಅದು ಏನು ಮಾಡುತ್ತದೆಂದು ಅವರು ಕಣ್ಣಾರೆ ಕಂಡಿದ್ದರು.

ಸಚಿವರು ಒಪ್ಪಿದ್ದಕ್ಕೂ ಹಿನ್ನೆಲೆಯಿತ್ತು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಆಗ ಒಕ್ಕೂಟದಿಂದ ಹೊರಗೆ ಹೋಗಬೇಕೆಂಬ ಚಳವಳಿ ಜೋರಾಗಿತ್ತು. 1933ರ ಜನಮತದಲ್ಲಿ ಅಲ್ಲಿನ ಮೂರರಲ್ಲಿ ಎರಡು ಪಾಲು ಮತದಾರರು ಬೇರೆಯಾಗೋಣ ಎಂದರು. ಸಿಟ್ಟಿಗೆದ್ದ ಜನರಿಗೆ ಕೇಂದ್ರ ಸರ್ಕಾರ ಏನೋ ಮಾಡುತ್ತಿದೆ ಎಂದು ಕಾಣಿಸಬೇಕಿತ್ತು. ಗೋಧಿಗೆ ಬೆಲೆ ಕೊಡುವುದು ದುಬಾರಿ. ಎರಡು ಗನ್ನು ಕಳಿಸುವುದು ಅಗ್ಗ, ಪತ್ರಿಕೆಯಲ್ಲೂ ದೊಡ್ಡದಾಗಿ ಬರುತ್ತದೆ.

ಈಗ ಹಕ್ಕಿಗಳನ್ನು ಪಕ್ಕಕ್ಕಿಟ್ಟು ಇವತ್ತಿನ ಸುದ್ದಿ ತೆಗೆಯಿರಿ. ಯಾವ ದೇಶದ್ದಾದರೂ ಆಗಲಿ. ಸಮಸ್ಯೆಯ ಬೇರು ಸಾಲದಲ್ಲೋ ಬೆಲೆಯಲ್ಲೋ ನೆಲ ಬಳಸುವ ರೀತಿಯಲ್ಲೋ ಇರುತ್ತದೆ. ಪರಿಹಾರ ಮಾತ್ರ ಕ್ಯಾಮೆರಾಗೆ ಚೆನ್ನಾಗಿ ಕಾಣುವ ಕಾರ್ಯಾಚರಣೆಯ ರೂಪದಲ್ಲಿ ಬರುತ್ತದೆ. ಇಂಥ ಸುದ್ದಿ ಕಂಡರೆ ಎಮು ಯುದ್ಧ ಕಲಿಸಿದ ಮೂರು ಪ್ರಶ್ನೆ ಕೇಳಬಹುದು. ನಿಜವಾಗಿ ಕಷ್ಟದಲ್ಲಿ ಇರುವವರು ಯಾರು? ಅವರು ಕೇಳಿದ್ದೇನು, ಅವರಿಗೆ ಸಿಕ್ಕಿದ್ದೇನು? ಏನೋ ಮಾಡುತ್ತಿದ್ದೇವೆ ಎಂದು ತೋರಿಸಿಕೊಳ್ಳುವ ಒತ್ತಡ ಯಾರ ಮೇಲಿತ್ತು? ಆ ರೈತರಿಗೆ ಕೊನೆಗೆ ಉಪಯೋಗಕ್ಕೆ ಬಂದಿದ್ದು ಬೇಲಿ, ಮತ್ತು ಹಕ್ಕಿ ಕೊಂದವರಿಗೆ ಕೊಡುವ ಬಹುಮಾನ. ಅದರ ಬಗ್ಗೆ ಯಾರೂ ನಗುವುದಿಲ್ಲ, ಹಾಗಾಗಿ ಅದು ಯಾರಿಗೂ ನೆನಪಿಲ್ಲ.

ಬಹುಮಾನದ ಮಾತು ಬಂತಲ್ಲ, ಅದರ ಇನ್ನೊಂದು ಮುಖವನ್ನೂ ನೋಡೋಣ. 1902ರ ಹನೋಯಿ, ಈಗಿನ ವಿಯೆಟ್ನಾಂ ರಾಜಧಾನಿ. ಆಗ ಅಲ್ಲಿ ಫ್ರೆಂಚರ ಆಡಳಿತ. ಫ್ರೆಂಚರು ತಮ್ಮ ಬಡಾವಣೆಗೆ ಆಧುನಿಕ ಒಳಚರಂಡಿ ಕಟ್ಟಿಸಿದ್ದರು. ಇಲಿಗಳಿಗೆ ಅದು ಹೇಳಿ ಮಾಡಿಸಿದ ಮನೆಯಾಯಿತು. ತಂಪು, ಕತ್ತಲು, ಶತ್ರುಗಳ ಕಾಟವಿಲ್ಲ, ಸೀದಾ ಶ್ರೀಮಂತರ ಮನೆಗೆ ದಾರಿ. ಪ್ಲೇಗ್ ರೋಗಾಣುವನ್ನು 1894ರಲ್ಲಷ್ಟೇ ಅಲೆಕ್ಸಾಂಡರ್ ಯೆರ್ಸಿನ್ ಕಂಡುಹಿಡಿದಿದ್ದರು. ಇಲಿ ಅಂದ್ರೆ ಎಲ್ಲರಿಗೂ ನಡುಕ. ಆಡಳಿತ ಇಲಿ ಹಿಡಿಯುವವರನ್ನು ಚರಂಡಿಗಿಳಿಸಿತು. ಒಂದು ದಿನಕ್ಕೆ 20,000ಕ್ಕೂ ಹೆಚ್ಚು ಇಲಿ ಸತ್ತ ದಾಖಲೆ ಇದೆ. ಆದರೂ ಇಲಿಗಳು ಮುಗಿಯಲಿಲ್ಲ. ಕೊನೆಗೆ ಯಾರು ಬೇಕಾದರೂ ಇಲಿ ಕೊಂದು ತರಬಹುದು, ಒಂದೊಂದಕ್ಕೂ ಕಾಸು ಎಂದು ಸಾರಿದರು. ಸತ್ತ ಇಲಿಗಳ ರಾಶಿಯನ್ನು ಕಚೇರಿಯಲ್ಲಿ ಎಲ್ಲಿಡುವುದು? ಬಾಲ ತಂದರೆ ಸಾಕು ಎಂದರು.

ಬಾಲಗಳು ಬಂದವು. ಅಧಿಕಾರಿಗಳಿಗೆ ಖುಷಿ. ಆಮೇಲೆ ಊರಲ್ಲಿ ಬಾಲವಿಲ್ಲದ ಇಲಿಗಳು ಆರಾಮಾಗಿ ಓಡಾಡುವುದು ಕಂಡಿತು. ಜನ ಬಾಲ ಕತ್ತರಿಸಿ ಇಲಿಯನ್ನು ಬಿಟ್ಟುಬಿಡುತ್ತಿದ್ದರು. ಬದುಕಿದ ಇಲಿ ಮರಿ ಹಾಕುತ್ತದೆ, ಮರಿಗೂ ಬಾಲ ಇರುತ್ತದೆ. ಊರ ಹೊರಗೆ ಕೆಲವರು ಇಲಿ ಸಾಕಲು ಶುರು ಮಾಡಿದ್ದೂ ಗೊತ್ತಾಯಿತು. ಯೋಜನೆ ಬಿದ್ದುಹೋಯಿತು.

ಮೈಕಲ್ ವಾನ್ ಎಂಬ ಇತಿಹಾಸಕಾರ ಹಳೆಯ ಕಡತಗಳಿಂದ ಹೆಕ್ಕಿ ತೆಗೆದ ಕಥೆ ಇದು. ಇದರ ತಮ್ಮನಂಥ ಇನ್ನೊಂದು ಕಥೆ ನೀವು ಕೇಳಿರಬಹುದು: ಬ್ರಿಟಿಷರು ದೆಹಲಿಯಲ್ಲಿ ನಾಗರಹಾವು ಕೊಂದವರಿಗೆ ಬಹುಮಾನ ಕೊಟ್ಟರು, ಜನ ಹಾವು ಸಾಕಿದರು ಎಂದು. ಆ ಕಥೆಯೇ ಜಾಸ್ತಿ ಪ್ರಸಿದ್ಧ. ಆದರೆ ಅದಕ್ಕೆ ಗಟ್ಟಿಯಾದ ದಾಖಲೆ ಸಿಕ್ಕಿಲ್ಲ. ಹಾಗಾಗಿ ಹಾವು ಬಿಟ್ಟು ಇಲಿ ಹಿಡಿಯುವುದು ಒಳ್ಳೆಯದು.

ಹನೋಯಿಯ ಜನ ಮೋಸಗಾರರು ಎಂದು ನಿಲ್ಲಿಸಿದರೆ ಕಥೆ ವ್ಯರ್ಥ. ಚರಂಡಿ ಇದ್ದದ್ದು ಆಳುವವರ ಬಡಾವಣೆಗೆ. ಹೊಲಸಿನೊಳಗೆ ಇಳಿದು ಸಾಯುವ ಕೆಲಸ ಆಳಿಸಿಕೊಳ್ಳುವವರಿಗೆ. ಬಹುಮಾನ ಅತಿ ಕಡಿಮೆ. ಯಾರಿಗೆ ಆ ಯೋಜನೆ ಗೆಲ್ಲಬೇಕೆಂಬ ಆಸೆ ಇರುತ್ತದೆ? ಆಡಳಿತಕ್ಕೆ ಬೇಕಿದ್ದದ್ದು ಇಲಿಯಿಲ್ಲದ ಊರು, ಎಣಿಸಿದ್ದು ಬಾಲ. ಇವತ್ತು ಒಂದು ಇಲಾಖೆಯೋ ಕಂಪನಿಯೋ ಗುರಿ ಮೀರಿ ಸಾಧನೆ ಮಾಡಿದೆವು ಎಂದು ಅಂಕಿ ಹೊರಡಿಸಿದಾಗ ಕೇಳಬೇಕಾದ್ದು ಇದನ್ನೇ: ಇವರು ಎಣಿಸಿದ್ದು ಇಲಿಯನ್ನೋ ಬಾಲವನ್ನೋ? ಪರೀಕ್ಷೆಯ ಅಂಕ, ಮುಗಿದ ಪ್ರಕರಣಗಳ ಸಂಖ್ಯೆ, ಆ್ಯಪ್ ಡೌನ್‌ಲೋಡ್ ಆದ ಲೆಕ್ಕ, ಎಲ್ಲದಕ್ಕೂ ಈ ಪ್ರಶ್ನೆ ಹೊಂದುತ್ತದೆ.

ಇಷ್ಟರಲ್ಲಿ ಒಂದು ಅಪಾಯವನ್ನೂ ಹೇಳಬೇಕು. ಹಳೆಯ ಘಟನೆ ಹೊಸದರಂತೆ ಕಂಡ ಕೂಡಲೇ ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಸುದ್ದಿ ವಾಹಿನಿಗಳ ಚರ್ಚೆಯಲ್ಲಿ ಇದನ್ನು ದಿನವೂ ಕಾಣಬಹುದು. ಯಾರೋ ಒಬ್ಬ ನಾಯಕ ಹಿಟ್ಲರ್ ಆಗುತ್ತಾನೆ, ಯಾವುದೋ ಒಪ್ಪಂದ, ಹಿಟ್ಲರ್‌ಗೆ ಬ್ರಿಟನ್ ಮತ್ತು ಫ್ರಾನ್ಸ್ ಮಣಿದ 1938ರ ಮ್ಯೂನಿಕ್ ಒಪ್ಪಂದ ಆಗುತ್ತದೆ. ಆಮೇಲೆ ಯೋಚನೆ ನಿಂತುಹೋಗುತ್ತದೆ. 1956ರಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್ನಿನ ಪ್ರಧಾನಿ ಆಂಥನಿ ಈಡನ್‌ಗೆ ನಾಸರ್ ಮುಖದಲ್ಲಿ ಇಟಲಿಯ ಸರ್ವಾಧಿಕಾರಿ ಮುಸೊಲಿನಿಯೂ ಹಿಟ್ಲರನೂ ಕಂಡರು. ಈಗಲೇ ತಡೆಯದಿದ್ದರೆ 1930ರ ದಶಕ ಮರುಕಳಿಸುತ್ತದೆ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಫ್ರಾನ್ಸ್ ಮತ್ತು ಇಸ್ರೇಲ್ ಜೊತೆ ಸೇರಿ ದಾಳಿ ನಡೆಯಿತು. ಅಮೆರಿಕ ತಿರುಗಿಬಿತ್ತು, ಪೌಂಡ್ ಅಲುಗಾಡಿತು, ಸೇನೆ ವಾಪಸಾಯಿತು. 1957ರ ಜನವರಿಯಲ್ಲಿ ಈಡನ್ ರಾಜೀನಾಮೆ ಕೊಟ್ಟರು. ಈಡನ್‌ಗೆ ಇತಿಹಾಸ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಅದೇ 1938ರಲ್ಲಿ, ಮುಸೊಲಿನಿ ಜೊತೆ ರಾಜಿ ಬೇಡ ಎಂದು ವಿದೇಶಾಂಗ ಸಚಿವ ಸ್ಥಾನ ಬಿಟ್ಟು ಬಂದವರೇ ಅವರು. ತಾವೇ ಬದುಕಿದ ಇತಿಹಾಸ ಅವರ ಕಣ್ಣನ್ನು ಪೂರ್ತಿ ತುಂಬಿಬಿಟ್ಟಿತ್ತು.

ಇನ್ನೊಂದು ಉದಾಹರಣೆ ನನ್ನನ್ನು ಹೆಚ್ಚು ಕಾಡುತ್ತದೆ. ಅದರಲ್ಲಿ ದುರಾಸೆಯ ಖಳರಿಲ್ಲ, ಎಲ್ಲರೂ ಒಳ್ಳೆಯದನ್ನೇ ಬಯಸಿದ್ದರು. 1976ರ ಫೆಬ್ರುವರಿಯಲ್ಲಿ ಅಮೆರಿಕದ ಫೋರ್ಟ್ ಡಿಕ್ಸ್ ಸೇನಾ ಶಿಬಿರದಲ್ಲಿ ಒಬ್ಬ ಯುವ ಸೈನಿಕ ಹಂದಿ ಜ್ವರದಿಂದ ಸತ್ತ. ತಜ್ಞರ ನೆನಪು ಸೀದಾ 1918ಕ್ಕೆ ಹೋಯಿತು. ಆ ವರ್ಷದ ಫ್ಲೂ ಜ್ವರ ಜಗತ್ತಿನಾದ್ಯಂತ ಕೋಟಿಗಟ್ಟಲೆ ಜನರನ್ನು ಬಲಿ ತೆಗೆದುಕೊಂಡಿತ್ತು. ಅಧ್ಯಕ್ಷ ಫೋರ್ಡ್ ಮಾರ್ಚ್‌ನಲ್ಲಿ ಇಡೀ ದೇಶಕ್ಕೆ ಲಸಿಕೆ ಹಾಕಿಸುವ ಯೋಜನೆ ಪ್ರಕಟಿಸಿದರು. 4 ಕೋಟಿಗೂ ಹೆಚ್ಚು ಜನ ಲಸಿಕೆ ಹಾಕಿಸಿಕೊಂಡರು. ಮಹಾಮಾರಿ ಮಾತ್ರ ಬರಲೇ ಇಲ್ಲ. ಲಸಿಕೆ ಪಡೆದ ಕೆಲವರಲ್ಲಿ ನರಗಳ ಅಪರೂಪದ ಕಾಯಿಲೆ ಕಾಣಿಸಿಕೊಂಡಿತು. ಡಿಸೆಂಬರ್‌ನಲ್ಲಿ ಯೋಜನೆ ನಿಂತಿತು. ಲಸಿಕೆ ತಯಾರಿಸಿ ಇಟ್ಟುಕೊಂಡು, ರೋಗ ಹರಡುವ ಲಕ್ಷಣ ಕಂಡ ಮೇಲೆ ಹಾಕಬಹುದಿತ್ತು. ಆ ದಾರಿಯೂ ಚರ್ಚೆಗೆ ಬಂದಿತ್ತು. ಆದರೆ 1918ರ ನೆರಳು ಎಷ್ಟು ದೊಡ್ಡದಿತ್ತೆಂದರೆ, ಕಾಯುವುದೇ ಅಪರಾಧ ಅನ್ನಿಸಿತು.

ಹಾರ್ವರ್ಡ್‌ನ ರಿಚರ್ಡ್ ನ್ಯೂಸ್ಟಾಟ್ ಮತ್ತು ಅರ್ನೆಸ್ಟ್ ಮೇ ಇಂಥ ಪ್ರಕರಣಗಳನ್ನೇ ಇಟ್ಟುಕೊಂಡು ಅಧಿಕಾರಿಗಳಿಗೆ ಪಾಠ ಮಾಡುತ್ತಿದ್ದರು. ಅವರು ಹೇಳಿಕೊಟ್ಟ ವಿಧಾನ ಬಹಳ ಸರಳ. ಒಂದು ಹಾಳೆ ತೆಗೆದುಕೊಳ್ಳಿ. ಈಗಿನ ಘಟನೆಯ ಬಗ್ಗೆ ಖಚಿತವಾಗಿ ಗೊತ್ತಿರುವುದು, ಗೊತ್ತಿಲ್ಲದ್ದು, ಸುಮ್ನೆ ಊಹಿಸಿಕೊಂಡಿದ್ದು, ಈ ಮೂರನ್ನೂ ಬೇರೆ ಬೇರೆ ಬರೆಯಿರಿ. ಆಮೇಲೆ ನೆನಪಾದ ಹಳೆಯ ಘಟನೆಗೂ ಇದಕ್ಕೂ ಇರುವ ಹೋಲಿಕೆ ಒಂದು ಕಡೆ, ವ್ಯತ್ಯಾಸ ಇನ್ನೊಂದು ಕಡೆ ಬರೆಯಿರಿ. ಅಷ್ಟೇ. ಫೋರ್ಟ್ ಡಿಕ್ಸ್ ವಿಷಯದಲ್ಲಿ ಈ ಹಾಳೆ ಬರೆದಿದ್ದರೆ ವ್ಯತ್ಯಾಸದ ಕಡೆ ಏನು ಬರುತ್ತಿತ್ತು? ಶಿಬಿರದ ಹೊರಗೆ ರೋಗ ಹರಡಿದ ಸುಳಿವಿಲ್ಲ. 1918ರಲ್ಲಿ ಮಹಾಯುದ್ಧ ಸೈನಿಕರನ್ನು ಹಡಗುಗಳಲ್ಲಿ ತುಂಬಿ ಜಗತ್ತೆಲ್ಲ ಸುತ್ತಿಸುತ್ತಿತ್ತು, 1976ರಲ್ಲಿ ಅಂಥ ಯುದ್ಧವಿಲ್ಲ. ಜ್ವರದ ಬೆನ್ನಿಗೆ ಬರುವ ನ್ಯುಮೋನಿಯಾಕ್ಕೆ 1918ರಲ್ಲಿ ಆ್ಯಂಟಿಬಯೋಟಿಕ್ ಇರಲಿಲ್ಲ, 1976ರಲ್ಲಿ ಇತ್ತು. ಇದರಿಂದ ಅಪಾಯ ಇಲ್ಲವೆಂದು ಸಾಬೀತಾಗುತ್ತಿರಲಿಲ್ಲ, ನಿಜ. ಆದರೆ ಅವಸರ ತಗ್ಗುತ್ತಿತ್ತು. ವ್ಯತ್ಯಾಸದ ಪಟ್ಟಿ ಖಾಲಿ ಇದ್ದರೆ ಹೋಲಿಕೆ ಪಕ್ಕಾ ಎಂದುಕೊಳ್ಳಬೇಡಿ. ನಾವಿನ್ನೂ ಹುಡುಕಿಲ್ಲ ಎಂದುಕೊಳ್ಳಿ.

ಇತಿಹಾಸ ಒಳ್ಳೆಯ ಕೆಲಸಕ್ಕೆ ಬಂದದ್ದೂ ಉಂಟು. ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಕಂಡು ಅಣುಯುದ್ಧದ ಭಯ ಹುಟ್ಟಿಸಿದ 1962ರ ಬಿಕ್ಕಟ್ಟಿನ ಹೊತ್ತಿಗೆ ಅಮೆರಿಕದ ಅಧ್ಯಕ್ಷ ಕೆನಡಿ 1914ರ ಬಗ್ಗೆ ಬಾರ್ಬರಾ ಟಕ್‌ಮನ್ ಬರೆದ ಪುಸ್ತಕ ಓದಿದ್ದರು. ಯಾರಿಗೂ ಬೇಡವಾಗಿದ್ದ ಮಹಾಯುದ್ಧಕ್ಕೆ ದೇಶಗಳು ತಪ್ಪು ಲೆಕ್ಕ, ಆತುರ, ಬಿಗುಮಾನದಿಂದ ಜಾರಿಬಿದ್ದ ಕಥೆ ಅದು. ಕೆನಡಿ ಅದರಿಂದ ಉತ್ತರ ತೆಗೆದುಕೊಳ್ಳಲಿಲ್ಲ. ಎದುರಾಳಿ ನಮ್ಮ ಹೆಜ್ಜೆಯನ್ನು ಹೇಗೆ ತಪ್ಪು ತಿಳಿಯಬಹುದು ಎಂಬ ಎಚ್ಚರ ತೆಗೆದುಕೊಂಡರು.

ಇವತ್ತು ಲಸಿಕೆಯ ಸುದ್ದಿ ಬಂದಾಗಲೆಲ್ಲ ನನಗೆ ಜೇಮ್ಸ್ ಗಿಲ್ರೇ 1802ರಲ್ಲಿ ಬರೆದ ವ್ಯಂಗ್ಯಚಿತ್ರ ನೆನಪಾಗುತ್ತದೆ. ಅದಕ್ಕೆ ಆರು ವರ್ಷ ಮೊದಲು ಎಡ್ವರ್ಡ್ ಜೆನ್ನರ್ ದನದ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬು ತಡೆಯುವ ಪ್ರಯೋಗ ಮಾಡಿದ್ದರು. ಚಿತ್ರದಲ್ಲಿ ಜೆನ್ನರ್ ಗಾಬರಿಯಾದ ಹೆಂಗಸೊಬ್ಬಳ ತೋಳಿಗೆ ಲಸಿಕೆ ಚುಚ್ಚುತ್ತಿದ್ದಾರೆ. ಸುತ್ತ ನಿಂತವರ ಮೈಯಿಂದೆಲ್ಲ ಪುಟ್ಟ ಪುಟ್ಟ ಹಸುಗಳು ಹೊರಡುತ್ತಿವೆ. ಇನ್ನೂರು ವರ್ಷ ದಾಟಿದರೂ ನಗು ತರಿಸುವ ಚಿತ್ರ. ಕೊರೊನಾ ಕಾಲದಲ್ಲಿ ಲಸಿಕೆಯೊಳಗೆ ಚಿಪ್ ಇದೆ ಎಂಬ ವದಂತಿ ಹಬ್ಬಿತ್ತಲ್ಲ, ಅದರ ಅಜ್ಜ ಈ ಹಸು. ಹೊರಗಿನದೇನೋ ಒಳಗೆ ಹೋಗಿ ನನ್ನನ್ನು ನಾನಲ್ಲದಂತೆ ಮಾಡಿಬಿಡುತ್ತದೆ ಎಂಬ ಭಯ ಎರಡರಲ್ಲೂ ಒಂದೇ.

ಆದರೆ ಇಲ್ಲಿಗೇ ನಿಂತರೆ ಹೋಲಿಕೆಯ ಪಟ್ಟಿ ಮಾತ್ರ ತುಂಬಿದಂತಾಯಿತು. 1853ರಲ್ಲಿ ಇಂಗ್ಲೆಂಡಿನಲ್ಲಿ ಶಿಶುಗಳಿಗೆ ಲಸಿಕೆ ಕಡ್ಡಾಯವಾಯಿತು. ಆಮೇಲಿನ ಕಾನೂನುಗಳಲ್ಲಿ ದಂಡ ಬಿಗಿಯಾಯಿತು. ದಂಡ ಕಟ್ಟಲಾಗದ ಬಡವರ ಸಾಮಾನು ಹರಾಜಾಗುತ್ತಿತ್ತು, ಕೆಲವರು ಜೈಲಿಗೂ ಹೋದರು. ಆಗ ಒಂದು ಮಗುವಿನ ತೋಳಿನ ಗುಳ್ಳೆಯಿಂದ ದ್ರವ ತೆಗೆದು ಇನ್ನೊಂದು ಮಗುವಿಗೆ ಹಾಕುತ್ತಿದ್ದರು. ಅದರಿಂದ ಬೇರೆ ಸೋಂಕು ಹರಡುವ ಸಾಧ್ಯತೆ ನಿಜವಾಗಿಯೂ ಇತ್ತು. 1885ರಲ್ಲಿ ಲೆಸ್ಟರ್ ನಗರದಲ್ಲಿ ಭಾರಿ ಮೆರವಣಿಗೆ ನಡೆಯಿತು. 1898ರಲ್ಲಿ ಸರ್ಕಾರ ಎರಡು ಕೆಲಸ ಮಾಡಿತು: ಮನಸ್ಸಾಕ್ಷಿಯ ಕಾರಣಕ್ಕೆ ಬೇಡವೆನ್ನುವವರಿಗೆ ವಿನಾಯಿತಿ ಕೊಟ್ಟಿತು, ತೋಳಿನಿಂದ ತೋಳಿಗೆ ಹಾಕುವ ಪದ್ಧತಿ ನಿಲ್ಲಿಸಿತು. ಲಸಿಕೆಯ ಶಕ್ತಿಯ ಬಗ್ಗೆ ಅನುಮಾನವೇ ಬೇಡ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯಿಂದಲೇ ಹೋಯಿತು ಎಂದು ಸಾರಿತು. ಅದು ಮನುಷ್ಯರ ಅತಿ ದೊಡ್ಡ ಗೆಲುವುಗಳಲ್ಲಿ ಒಂದು. ಆದರೂ ಲೆಸ್ಟರ್‌ನ ಜನ ಮೂರ್ಖರು ಎಂದು ಬದಿಗೆ ತಳ್ಳಿದರೆ ಅವರ ಸಿಟ್ಟಿನಲ್ಲಿ ದಂಡಕ್ಕೆ ಎಷ್ಟು ಪಾಲು, ಹಸುವಿನ ಭಯಕ್ಕೆ ಎಷ್ಟು ಪಾಲು ಎಂದು ತಿಳಿಯುವುದೇ ಇಲ್ಲ. ಇವತ್ತು ಲಸಿಕೆ ಬೇಡವೆನ್ನುವ ಒಬ್ಬ ತಾಯಿ ಜೊತೆ ಮಾತಾಡುವ ಆರೋಗ್ಯ ಕಾರ್ಯಕರ್ತೆಗೆ ಈ ಲೆಕ್ಕ ಬಹಳ ಮುಖ್ಯ. ಆ ತಾಯಿಯ ತಕರಾರು ವದಂತಿಯದೋ, ಹಿಂದೆ ಆಸ್ಪತ್ರೆಯಲ್ಲಿ ಆದ ಅವಮಾನದ್ದೋ? ಎರಡಕ್ಕೂ ಒಂದೇ ಉತ್ತರ ಕೊಟ್ಟರೆ ನಡೆಯುವುದಿಲ್ಲ.

ಹೊಸ ಮಾಧ್ಯಮಗಳ ಬಗ್ಗೆ ನಡೆಯುವ ಜಗಳ ಇನ್ನೂ ಹಳೆಯದು. 1675ರ ಡಿಸೆಂಬರ್ 29ರಂದು ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್ ಕಾಫಿ ಮನೆಗಳನ್ನೆಲ್ಲ ಮುಚ್ಚಬೇಕೆಂದು ಆಜ್ಞೆ ಹೊರಡಿಸಿದ. ಕಾರಣ ಕಾಫಿ ಅಲ್ಲ, ಮಾತು. ಸೋಮಾರಿಗಳು ಅಲ್ಲಿ ಕೂತು ಸರ್ಕಾರದ ಬಗ್ಗೆ ಸುಳ್ಳು ಸುದ್ದಿ ಹಬ್ಬಿಸುತ್ತಾರೆ ಎಂಬುದು ಅವನ ದೂರು. ಆಜ್ಞೆ ಜಾರಿಯಾಗಬೇಕಿದ್ದದ್ದು ಜನವರಿ 10ಕ್ಕೆ. ಜನ ಎಷ್ಟು ಗಲಾಟೆ ಮಾಡಿದರೆಂದರೆ ಜನವರಿ 8ಕ್ಕೇ ರಾಜ ಹಿಂದೆ ಸರಿದ. ಸೋಮಾರಿಗಳ ಜಾಗ ಎನ್ನಿಸಿಕೊಂಡ ಅಂಥ ಮನೆಗಳಿಂದಲೇ ಮುಂದೆ ಲಂಡನ್ನಿನ ವಿಮಾ ವ್ಯವಹಾರ ಬೆಳೆಯಿತು. ಲಾಯ್ಡ್ಸ್ ಶುರುವಾಗಿದ್ದು ಎಡ್ವರ್ಡ್ ಲಾಯ್ಡ್‌ನ ಕಾಫಿ ಮನೆಯಲ್ಲಿ. ಷೇರು ಪೇಟೆಯ ಬೇರೂ ಇನ್ನೊಂದು ಕಾಫಿ ಮನೆಯಲ್ಲೇ ಇದೆ.

ರಾಜನ ದೂರಿನಲ್ಲಿ ಹುರುಳೇ ಇರಲಿಲ್ಲ ಅನ್ನಲಾಗದು. ಸುಳ್ಳು ಸುದ್ದಿ ಇದ್ದೇ ಇತ್ತು, ಎಲ್ಲ ಕಾಲದಲ್ಲೂ ಇದೆ. ಅದು ಯಾವಾಗ ಬಿರುಗಾಳಿಯಾಗುತ್ತದೆ ಎನ್ನುವುದಕ್ಕೆ 1835ರ ನ್ಯೂಯಾರ್ಕ್ ನೋಡಬೇಕು. 'ಸನ್' ಎಂಬ ಪತ್ರಿಕೆ ಆ ಆಗಸ್ಟ್‌ನಲ್ಲಿ ಆರು ಕಂತುಗಳ ಸುದ್ದಿ ಪ್ರಕಟಿಸಿತು. ಪ್ರಸಿದ್ಧ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ದೊಡ್ಡ ದೂರದರ್ಶಕದಲ್ಲಿ ಚಂದ್ರನ ಮೇಲೆ ಜೀವಿಗಳನ್ನು ಕಂಡಿದ್ದಾರಂತೆ. ಒಂದೇ ಕೊಂಬಿನ ಮೇಕೆ, ಎರಡು ಕಾಲಿನಲ್ಲಿ ನಡೆಯುವ ಬೀವರ್ ಎಂಬ ಪ್ರಾಣಿ, ಬಾವಲಿ ರೆಕ್ಕೆಯ ಮನುಷ್ಯರು. ಹರ್ಷೆಲ್ ಆಗ ದೂರದ ದಕ್ಷಿಣ ಆಫ್ರಿಕಾದಲ್ಲಿದ್ದರು, ಕೇಳೋಣವೆಂದರೆ ಹಡಗಿನಲ್ಲಿ ಪತ್ರ ಹೋಗಿ ಬರಬೇಕು. ಸುದ್ದಿಗೆ ಆಧಾರವೆಂದು ಹೆಸರಿಸಿದ ವಿಜ್ಞಾನ ಪತ್ರಿಕೆ ಆಗಲೇ ನಿಂತುಹೋಗಿತ್ತು. ಪತ್ರಿಕೆ ಬಿಸಿ ಬಿಸಿಯಾಗಿ ಮಾರಾಟವಾಯಿತು.

ಬಾವಲಿ ಮನುಷ್ಯರಿಗಿಂತ ನನಗೆ ಪತ್ರಿಕೆಯ ಬೆಲೆ ಕುತೂಹಲದ ವಿಷಯ. ಆ ಊರಿನ ಉಳಿದ ಪತ್ರಿಕೆಗಳಿಗೆ ಆರು ಸೆಂಟ್, ಚಂದಾದಾರರು ವ್ಯಾಪಾರಸ್ಥರು. 1833ರಲ್ಲಿ ಶುರುವಾದ 'ಸನ್'ಗೆ ಒಂದೇ ಸೆಂಟ್, ಬೀದಿಯಲ್ಲಿ ಹುಡುಗರು ಮಾರುತ್ತಿದ್ದರು. ಒಂದು ಸೆಂಟಿನಲ್ಲಿ ಪತ್ರಿಕೆ ನಡೆಯುವುದಿಲ್ಲ. ಜಾಹೀರಾತು ಬೇಕು. ಜಾಹೀರಾತಿಗೆ ಓದುಗರ ಗುಂಪು ಬೇಕು. ಗುಂಪು ಸೇರಿಸಲು ಪ್ರತಿ ದಿನ ಏನಾದರೊಂದು ಬೆರಗು ಬೇಕು. ಇವತ್ತು ಪುಕ್ಕಟೆ ಸಿಗುವ ಸುದ್ದಿ, ವಿಡಿಯೊ, ರೀಲ್ಸ್ ನಡೆಯುವುದೂ ಇದೇ ಲೆಕ್ಕದ ಮೇಲೆ. ವ್ಯತ್ಯಾಸವೂ ದೊಡ್ಡದಿದೆ. 'ಸನ್' ಎಲ್ಲರಿಗೂ ಒಂದೇ ಚಂದ್ರನನ್ನು ತೋರಿಸಿತು, ಹಾಗಾಗಿ ಎದುರಾಳಿ ಪತ್ರಿಕೆಗಳು ಅದನ್ನು ಓದಿ ಬಯಲಿಗೆಳೆಯಲು ಆಯಿತು. ಈಗ ಫೋನು ಒಬ್ಬೊಬ್ಬರಿಗೂ ಒಂದೊಂದು ಚಂದ್ರನನ್ನು ತೋರಿಸುತ್ತದೆ. ನಿಮಗೆ ಬಂದ ಸುಳ್ಳು ನನಗೆ ಕಾಣುವುದೇ ಇಲ್ಲ.

ಇತಿಹಾಸದ ಹೆಸರಿನಲ್ಲಿ ಬರುವ ಸುಳ್ಳುಗಳೂ ಕಡಿಮೆಯಿಲ್ಲ. ಎಷ್ಟು ಚೆನ್ನಾಗಿ ಹೊಂದುತ್ತದೋ ಅಷ್ಟು ಅನುಮಾನ ಪಡಬೇಕು. ಫ್ರೆಂಚ್ ಕ್ರಾಂತಿಯ ಪರಿಣಾಮ ಏನು ಎಂದು 1972ರಲ್ಲಿ ಕೇಳಿದಾಗ ಚೀನಾದ ಪ್ರಧಾನಿ ಚೌ ಎನ್‌ಲಾಯ್, ಈಗಲೇ ಹೇಳಲಾಗದು ಎಂದರಂತೆ. ಇನ್ನೂರು ವರ್ಷವೂ ಚೀನೀಯರಿಗೆ ಕಡಿಮೆ ಎಂದು ಜಗತ್ತು ಬೆರಗಾಯಿತು. ಆ ಮಾತಿನ ವೇಳೆ ಇದ್ದ ಅಮೆರಿಕದ ರಾಜತಾಂತ್ರಿಕ ಚಾಸ್ ಫ್ರೀಮನ್ 2011ರಲ್ಲಿ ವಿಷಯ ಬಿಚ್ಚಿಟ್ಟರು: ಚೌ ಹೇಳಿದ್ದು 1968ರ ಪ್ಯಾರಿಸ್ ವಿದ್ಯಾರ್ಥಿ ಚಳವಳಿಯ ಬಗ್ಗೆ. ನಾಲ್ಕು ವರ್ಷ ಹಳೆಯ ಘಟನೆಗೆ ಅದು ಸಾಮಾನ್ಯ ಉತ್ತರ. ಟ್ಯೂಲಿಪ್ ಹೂವಿನ ಗೆಡ್ಡೆಗಳಿಗೆ ಜನ ವಿಪರೀತ ಬೆಲೆ ಕೊಟ್ಟ ಹಾಲೆಂಡಿನ ಟ್ಯೂಲಿಪ್ ಹುಚ್ಚಿನ ಕಥೆಯೂ ಹೀಗೇ. 1637ರ ಫೆಬ್ರುವರಿಯಲ್ಲಿ ಗೆಡ್ಡೆಗಳ ಬೆಲೆ ಬಿದ್ದದ್ದು ನಿಜ. ಇಡೀ ದೇಶ ಬೀದಿಗೆ ಬಂತು ಎನ್ನುವುದು ಆಮೇಲೆ ಸೇರಿಕೊಂಡ ಉಪ್ಪು ಖಾರ. ಇತಿಹಾಸಕಾರ್ತಿ ಆ್ಯನ್ ಗೋಲ್ಡ್‌ಗಾರ್ ಆ ಕಾಲದ ದಾಖಲೆಗಳನ್ನು ಜಾಲಾಡಿದರು. ಟ್ಯೂಲಿಪ್‌ನಿಂದ ಸಾಮೂಹಿಕವಾಗಿ ದಿವಾಳಿಯಾದವರು ಸಿಗಲಿಲ್ಲ.

ಹಾಗಾಗಿ ಷೇರು ಪೇಟೆ ಉಬ್ಬಿದಾಗಲೆಲ್ಲ ಟ್ಯೂಲಿಪ್ ತರುವವರಿಗೆ ನಾನು ಬ್ರಿಟನ್ನಿನ ರೈಲು ತೋರಿಸುತ್ತೇನೆ. ಕೃತಕ ಬುದ್ಧಿಮತ್ತೆಗೆ ಹರಿಯುತ್ತಿರುವ ಹಣದ ಸುದ್ದಿ ಅರ್ಥವಾಗಬೇಕಾದರೆ 1840ರ ದಶಕ ಹೆಚ್ಚು ಉಪಯೋಗಕ್ಕೆ ಬರುತ್ತದೆ. ರೈಲು ಸುಳ್ಳಾಗಿರಲಿಲ್ಲ, ನಿಜವಾಗಿಯೂ ಜಗತ್ತನ್ನು ಬದಲಿಸಿದ ತಂತ್ರಜ್ಞಾನ. ಆದ್ದರಿಂದಲೇ ಪಾದ್ರಿ, ವಿಧವೆ, ಲೇಖಕಿ ಎನ್ನದೆ ಎಲ್ಲರೂ ಹಣ ಹಾಕಿದರು. ಬ್ರಾಂಟೆ ಸೋದರಿಯರೂ ಷೇರು ಕೊಂಡಿದ್ದರು. 1846 ಒಂದೇ ವರ್ಷದಲ್ಲಿ ಸಂಸತ್ತು ಹೊಸ ರೈಲುಮಾರ್ಗಗಳಿಗಾಗಿ 250ಕ್ಕೂ ಹೆಚ್ಚು ಕಾಯ್ದೆ ಮಾಡಿತು. ಒಪ್ಪಿಗೆ ಸಿಕ್ಕ ಮಾರ್ಗಗಳಲ್ಲಿ ಸುಮಾರು ಮೂರನೇ ಒಂದು ಪಾಲು ಕಟ್ಟಲೇ ಇಲ್ಲ. ಷೇರು ಕುಸಿಯಿತು, 'ರೈಲು ರಾಜ' ಎನಿಸಿಕೊಂಡಿದ್ದ ಜಾರ್ಜ್ ಹಡ್ಸನ್ 1849ರಲ್ಲಿ ಲೆಕ್ಕಪತ್ರದ ಅಕ್ರಮಗಳಿಂದ ಬಿದ್ದ. ಹಳಿಗಳು ಮಾತ್ರ ಉಳಿದವು, ದೇಶ ಅವುಗಳ ಮೇಲೆ ಓಡಾಡಿತು. ಇಂಟರ್‌ನೆಟ್ ಕಂಪನಿಗಳ ಷೇರು ಉಬ್ಬಿದ ಡಾಟ್‌ಕಾಮ್ ಕಾಲದಲ್ಲೂ ಹಾಗೇ ಆಯಿತು. 2000ದ ಮಾರ್ಚ್ 10ರಂದು 5,000 ದಾಟಿದ್ದ ಅಮೆರಿಕದ ಷೇರು ಪೇಟೆ ನಾಸ್ಡಾಕ್‌ನ ಸೂಚ್ಯಂಕ 2002ರ ಅಕ್ಟೋಬರ್ ಹೊತ್ತಿಗೆ ಮುಕ್ಕಾಲಿಗಿಂತ ಹೆಚ್ಚು ಕರಗಿತು. ಆಗ ಹೂತ ಫೈಬರ್ ಕೇಬಲ್‌ಗಳಲ್ಲಿ ಮುಂದೆ ಅಗ್ಗದ ಇಂಟರ್‌ನೆಟ್ ಹರಿಯಿತು. ತಂತ್ರಜ್ಞಾನ ಗೆಲ್ಲುವುದು, ಅದಕ್ಕೆ ಹಣ ಹಾಕಿದವರು ಸೋಲುವುದು, ಎರಡೂ ಒಟ್ಟಿಗೆ ನಡೆಯಬಹುದು.

ಈಗ ವ್ಯತ್ಯಾಸದ ಪಟ್ಟಿ. ಹಳಿ ದಶಕಗಟ್ಟಲೆ ಬಾಳುತ್ತದೆ. ಡೇಟಾ ಸೆಂಟರ್‌ಗಳ ಚಿಪ್ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಹಾಗಾಗಿ ಉಬ್ಬರ ಇಳಿದರೆ ಉಳಿಯುವುದು ಕಟ್ಟಡ, ವಿದ್ಯುತ್ ಮಾರ್ಗ ಮತ್ತು ಕಲಿತ ಜನ. ಇನ್ನೊಂದು ವ್ಯತ್ಯಾಸ ಹಣದ ಮೂಲದ್ದು. 1845ರಲ್ಲಿ ಷೇರಿನ ಬೆಲೆಯ ಸಣ್ಣ ಪಾಲನ್ನು ಮುಂಗಡ ಕೊಟ್ಟರೆ ಷೇರು ನಿಮ್ಮ ಹೆಸರಿಗೆ ಬರುತ್ತಿತ್ತು. ಉಳಿದದ್ದನ್ನು ಕಂಪನಿ ಕೇಳಿದಾಗ ಕೊಡಬೇಕು. ಕಂಪನಿಗಳೆಲ್ಲ ಒಟ್ಟಿಗೆ ಕೇಳಲು ಶುರು ಮಾಡಿದಾಗ ಮಧ್ಯಮ ವರ್ಗದ ಮನೆಗಳಲ್ಲಿ ಹಣವಿರಲಿಲ್ಲ. ಕೈಗೆ ಸಿಕ್ಕ ಬೆಲೆಗೆ ಷೇರು ಮಾರಿದರು, ಬೆಲೆ ಇನ್ನಷ್ಟು ಬಿತ್ತು. ಈಗಿನ ಉಬ್ಬರ ಶುರುವಾದಾಗ ಬಹುಪಾಲು ಹಣ ದೊಡ್ಡ ಕಂಪನಿಗಳ ಸ್ವಂತ ಲಾಭದ್ದಾಗಿತ್ತು, ಆಮೇಲೆ ಸಾಲದ ಪಾಲೂ ಸೇರತೊಡಗಿತು. ಅದಕ್ಕೇ ಈ ಸುದ್ದಿ ಓದುವಾಗ ನಾನು ಷೇರಿನ ಬೆಲೆಗಿಂತ ಮೊದಲು ಸಾಲದ ಅಂಕಿ ಹುಡುಕುತ್ತೇನೆ: ಯಾರು ತೆಗೆದಿದ್ದಾರೆ, ಯಾವುದರ ಆಧಾರದ ಮೇಲೆ, ತೀರಿಸಬೇಕಾದ್ದು ಯಾವ ವರ್ಷ.